ಆಲ್ಫಾ: ವೇಗದಲ್ಲಿ ಸೋಲದ ಚಿಪ್ಪು

1992ರಲ್ಲಿ ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ಆಲ್ಫಾ ಎಂಬ ಚಿಪ್ಪನ್ನು ಹೊರತಂದಿತು. ಅದರ ಗಡಿಯಾರದ ವೇಗ 150 ಮೆಗಾಹರ್ಟ್ಸ್ ಮುಟ್ಟಿತ್ತು. ಮರುವರ್ಷ ಬಂದ ಇಂಟೆಲ್ ಪೆಂಟಿಯಂನ ವೇಗ 60, ಇಲ್ಲವೇ 66. ಒಮ್ಮೆಗೆ ನಿಭಾಯಿಸುವ ಮಾಹಿತಿಯ ಅಳತೆಯಲ್ಲಿ ಪೆಂಟಿಯಂ 32 ಬಿಟ್‌ನದು, ಆಲ್ಫಾ ಆಗಲೇ 64 ಬಿಟ್‌ನದು. ಹತ್ತು ವರ್ಷ ತುಂಬುವ ಮೊದಲೇ ಅದರ ಒಡೆಯರು ಅದನ್ನು ಕೈಬಿಟ್ಟರು.

ವೇಗವಿದ್ದೂ ಹೀಗೇಕಾಯಿತು? ಚಿಪ್ಪುಗಳ ಪ್ರತಿ ಕುಟುಂಬಕ್ಕೂ ತನ್ನದೇ ಒಂದು ಆದೇಶಭಾಷೆ ಇರುತ್ತದೆ. ಜಗತ್ತಿನ ಪಿಸಿಗಳ ಬಹುಪಾಲು ತಂತ್ರಾಂಶ ಇಂಟೆಲ್‌ನ ಎಕ್ಸ್86 ಭಾಷೆಗೆ ಹೊಂದಿಕೊಂಡಿತ್ತು. ಆಲ್ಫಾ ಬೇಕೆಂದವರು ತಂತ್ರಾಂಶವನ್ನೂ ಬದಲಿಸಿಕೊಳ್ಳಬೇಕು. ಹಾಗಾಗಿ ಕೊಳ್ಳುವವರು ಕಡಿಮೆ. ಚಿಪ್ಪಿನ ಕಾರ್ಖಾನೆಗೋ ಕೋಟಿಗಟ್ಟಲೆ ಡಾಲರ್ ಸುರಿಯಬೇಕು. ಆ ಖರ್ಚು ಲಕ್ಷಾಂತರ ಚಿಪ್ಪುಗಳ ಮೇಲೆ ಹಂಚಿಹೋದರೆ ಮಾತ್ರ ಬೆಲೆ ಇಳಿಯುತ್ತದೆ. ಈ ಲೆಕ್ಕವೇ ಆಲ್ಫಾದ ಕೊರಳಿಗೆ ಉರುಳಾಯಿತು.

1997ರಲ್ಲಿ ಡಿಜಿಟಲ್, ತನ್ನ ಪೇಟೆಂಟ್‌ಗಳನ್ನು ಕದ್ದಿದೆ ಎಂದು ಇಂಟೆಲ್ ಮೇಲೆ ದಾವೆ ಹೂಡಿತು. ಕೆಲವೇ ತಿಂಗಳಲ್ಲಿ ರಾಜಿ. ಡಿಜಿಟಲ್‌ನ ಚಿಪ್ ಕಾರ್ಖಾನೆಯನ್ನು ಇಂಟೆಲ್ ಸುಮಾರು 70 ಕೋಟಿ ಡಾಲರಿಗೆ ಕೊಂಡಿತು. ನ್ಯಾಯ ಕೇಳಲು ಹೋದವರ ಕುಲುಮೆಯೇ ಎದುರಾಳಿಯ ಪಾಲಾಯಿತು! ಆಲ್ಫಾ ಒಬ್ಬರ ಮುಷ್ಟಿಗೆ ಸಿಕ್ಕೀತೆಂಬ ಅಳುಕು ಅಮೆರಿಕದ ಪೈಪೋಟಿ ಕಾಯುವ ಸರ್ಕಾರಿ ಆಯೋಗಕ್ಕೂ ಇತ್ತು. ಚಿಪ್ ತಯಾರಕರಾದ ಸ್ಯಾಮ್‌ಸಂಗ್ ಮತ್ತು ಎಎಂಡಿಗಳಿಗೂ ಆಲ್ಫಾದ ಪರವಾನಗಿ ಕೊಡಬೇಕೆಂದು ಅದು ಷರತ್ತು ಹಾಕಿತು. ಆಯೋಗ ಮಾಡಿದ್ದು ಸರಿಯಾದ ಕೆಲಸ. ಆದರೆ ಪರವಾನಗಿಯ ಕಾಗದ ಗಿರಾಕಿಗಳನ್ನು ಕರೆತರುವುದಿಲ್ಲ.

1998ರಲ್ಲಿ ಪಿಸಿ ತಯಾರಕ ಕಾಂಪ್ಯಾಕ್ ಇಡೀ ಡಿಜಿಟಲ್ ಕಂಪನಿಯನ್ನು 960 ಕೋಟಿ ಡಾಲರಿಗೆ ಕೊಂಡಿತು. ಕಾಂಪ್ಯಾಕ್ ಬದುಕಿದ್ದೇ ಇಂಟೆಲ್ ಚಿಪ್ಪುಗಳ ಮೇಲೆ. 2001ರ ಜೂನ್‌ನಲ್ಲಿ ಅದು ಆಲ್ಫಾವನ್ನು ನಿಲ್ಲಿಸಿ, ಅದರ ತಂತ್ರಜ್ಞಾನವನ್ನು ಇಂಟೆಲ್‌ಗೆ ಒಪ್ಪಿಸುವುದಾಗಿ ಸಾರಿತು. ಮರುವರ್ಷ ಕಾಂಪ್ಯಾಕ್ ತಾನೇ ಇನ್ನೊಂದು ಕಂಪ್ಯೂಟರ್ ಕಂಪನಿಯಾದ ಎಚ್‌ಪಿಯಲ್ಲಿ ಕರಗಿತು. ಎಚ್‌ಪಿ ಇಂಟೆಲ್ ಜೊತೆ ಕೂಡಿ ರೂಪಿಸಿದ ಇಟೇನಿಯಂ ಚಿಪ್ಪನ್ನೇ ನೆಚ್ಚಿತ್ತು. ಇದ್ದುದರಲ್ಲಿ ಒಳ್ಳೆಯದನ್ನು ಅಲ್ಲಿ ಉಳಿಸಿಕೊಳ್ಳಲಿಲ್ಲ. ಒಪ್ಪಂದಗಳಿಗೆ ಹೊಂದುವುದನ್ನು ಉಳಿಸಿಕೊಂಡರು. ಇದು ನನ್ನ ಖಚಿತ ಅಭಿಪ್ರಾಯ.

ಆದರೆ ವಿದ್ಯೆ ಮನುಷ್ಯರ ತಲೆಯಲ್ಲಿರುತ್ತದೆ. ಮನುಷ್ಯರು ಕಂಪನಿ ಬದಲಿಸುತ್ತಾರೆ. ಆಲ್ಫಾ ರೂಪಿಸಿದವರಲ್ಲಿ ಒಬ್ಬರಾದ ಡರ್ಕ್ ಮೇಯರ್ ಎಎಂಡಿ ಸೇರಿ ಅಥ್ಲಾನ್ ಚಿಪ್ಪಿನ ವಿನ್ಯಾಸದ ಹೊಣೆ ಹೊತ್ತರು. 1999ರಲ್ಲಿ ಬಂದ ಅಥ್ಲಾನ್, ಕಂಪ್ಯೂಟರಿನ ಉಳಿದ ಭಾಗಗಳೊಡನೆ ಮಾತಾಡುತ್ತಿದ್ದುದು ಆಲ್ಫಾದಿಂದಲೇ ಪಡೆದ ‘ಬಸ್’ ಎಂಬ ಸಂಪರ್ಕದಾರಿಯ ಮೂಲಕ. ಇಂಟೆಲ್‌ಗೆ ನಿಜವಾದ ಪೈಪೋಟಿ ಹುಟ್ಟಿತು.

2003ರಲ್ಲಿ ಎಎಂಡಿ, ಹಳೆಯ ಎಕ್ಸ್86 ಭಾಷೆಯನ್ನೇ 64 ಬಿಟ್‌ಗೆ ಬೆಳೆಸಿದ ಚಿಪ್ಪನ್ನು ತಂದಿತು. ಹಳೆಯ ತಂತ್ರಾಂಶವೂ ಅದರಲ್ಲಿ ಓಡುತ್ತಿತ್ತು. ಆಲ್ಫಾಕ್ಕೆ ಇಲ್ಲದೆ ಹೋದದ್ದು ಇದೇ. ಮರುವರ್ಷ ಇಂಟೆಲ್ ಕೂಡ ಎಎಂಡಿಯ ಆ 64 ಬಿಟ್ ಭಾಷೆಯನ್ನೇ ಅಳವಡಿಸಿಕೊಂಡಿತು. ಇಟೇನಿಯಂ ಕುಂಟುತ್ತ ಸಾಗಿ 2021ರಲ್ಲಿ ನಿಂತಿತು.

ಇಂದಿಗೂ ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಳ್ಳುವವರ ಯಂತ್ರದಲ್ಲಿರುವುದು ಇಂಟೆಲ್ ಚಿಪ್ಪೇ ಆದರೂ, ಅವರು ಇಳಿಸಿಕೊಳ್ಳುವ ಕಡತದ ಹೆಸರಿನಲ್ಲಿ ‘ಎಎಂಡಿ64’ ಎಂದೇ ಇರುತ್ತದೆ.