ಗುಡ್ಡದ ದಾರಿಯಲ್ಲಿ ಜೀಪು: ಏರುವ ಬಲ, ಇಳಿಯುವ ವಿವೇಕ

ರಜೆಯಲ್ಲಿ ಊರಿಗೆ ತೆರಳುವ ಮುಂಬಯಿ, ಪುಣೆಗಳ ನಮ್ಮ ಬಂಧುಗಳಲ್ಲಿ ಅನೇಕರು ಮನೆಮಂದಿಯೊಡನೆ ಕೊಲ್ಲೂರಿಗೆ ಹೋಗಿ ಮೂಕಾಂಬಿಕೆಯ ದರ್ಶನ ಪಡೆಯುವುದುಂಟು. ಅಲ್ಲಿಂದ ಕೊಡಚಾದ್ರಿಯನ್ನು ಕಂಡುಬರುವ ಆಸೆಯೂ ಸಹಜವೇ. 1343 ಮೀಟರು ಎತ್ತರದ ಆ ಗಿರಿಯ ಕಚ್ಚಾ ದಾರಿಯಲ್ಲಿ ಜೀಪುಗಳು ಕಲ್ಲುಗುಂಡಿಗಳ ಮೇಲೆ ತೂಗಾಡುತ್ತ ಏರುವುದನ್ನು ಕಂಡವರು, ಇದಕ್ಕೆ ಹೋಗಲಾಗದ ಜಾಗವೇ ಇಲ್ಲವೆಂದು ಬೆರಗಾಗುತ್ತಾರೆ. ಆ ಬೆರಗಿನಲ್ಲಿಯೇ ಅಪಾಯವೂ ಅಡಗಿದೆ.

ಜೀಪು ಯುದ್ಧಕಾಲದ ಕೂಸು. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಕಂಪೆನಿಯು ತಯಾರಿಸತೊಡಗಿದ ಈ ವಾಹನವನ್ನು ಅದೇ ದಶಕದ ಕೊನೆಗೆ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. ಸಾಮಾನ್ಯ ಕಾರಿನಲ್ಲಿ ಎಂಜಿನಿನ ಬಲ ಎರಡು ಚಕ್ರಗಳಿಗೆ ಮಾತ್ರ. ಇದರಲ್ಲಿ ಬೇಕೆಂದಾಗ ನಾಲ್ಕಕ್ಕೂ ಒದಗುತ್ತದೆ. ಆದರೆ ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೆ ಇದ್ದೇ ಇರುತ್ತದೆ. ಆದುದರಿಂದ ಏರುವುದರಲ್ಲಿ ಜೀಪಿಗೆ ಹೆಚ್ಚಿನ ಅನುಕೂಲವುಂಟು, ನಿಲ್ಲುವುದರಲ್ಲಿ ಇಲ್ಲ. ಈ ಒಂದು ಮಾತನ್ನು ಮರೆತವನು ಏರಿದ ಜಾಗದಿಂದ ಇಳಿಯಲಾರನು.

ಸ್ವತಃ ವಾಹನ ನಡೆಸುವವರು, ದಾರಿ ಸಂದೇಹಾಸ್ಪದವೆನಿಸಿದಲ್ಲಿ ಮೊದಲು ಕೆಳಗಿಳಿದು ಕಾಲ್ನಡೆಯಲ್ಲಿ ನೋಡಿಬರತಕ್ಕದ್ದು. ನಾಲ್ಕು ಚಕ್ರಗಳ ಬಲವನ್ನೂ 'ಲೋ' ಗೇರನ್ನೂ ಏರು ಆರಂಭವಾಗುವ ಮೊದಲೇ, ಗಾಡಿಯನ್ನು ನಿಲ್ಲಿಸಿ ಹಾಕಿಕೊಳ್ಳಬೇಕು. ಏರುವಾಗಲೂ ಇಳಿಯುವಾಗಲೂ ನೇರವಾಗಿ ಸಾಗಬೇಕು. ಇಳಿಜಾರಿನಲ್ಲಿ ಗಾಡಿಯನ್ನು ಅಡ್ಡ ತಿರುಗಿಸಿದರೆ ಅದು ಮಗುಚಿಬೀಳುವ ಭಯವಿದೆ. ಅರ್ಧ ಏರಿನಲ್ಲಿ ಎಂಜಿನು ನಿಂತುಹೋದರೆ ಗಾಬರಿಗೊಳ್ಳದೆ ಬ್ರೇಕು ಒತ್ತಿಹಿಡಿದು, ರಿವರ್ಸ್ ಗೇರಿಗೆ ಹಾಕಿ, ಬಂದ ಜಾಡಿನಲ್ಲಿಯೇ ಹಿಂದಕ್ಕೆ ಇಳಿಯುವುದು ಲೇಸು. ಇಳಿಯುವಾಗ ಕ್ಲಚ್ಚು ತುಳಿಯುವುದಾಗಲಿ, ಪೆಟ್ರೋಲು ಉಳಿಸುವ ಆಸೆಯಿಂದ ನ್ಯೂಟ್ರಲಿಗೆ ಹಾಕುವುದಾಗಲಿ ಕೂಡದು. 'ಲೋ'ದ ಮೊದಲನೆಯ ಗೇರಿನಲ್ಲಿ ಎಂಜಿನೇ ಗಾಡಿಯ ವೇಗವನ್ನು ತಡೆಹಿಡಿಯುತ್ತದೆ. ಹಳೆಯ ಜೀಪುಗಳಲ್ಲಿ ಹೆಬ್ಬೆರಳನ್ನು ಸ್ಟೇರಿಂಗಿನ ಒಳಗೆ ಸಿಕ್ಕಿಸಿ ಹಿಡಿಯಲೂಬಾರದು. ಚಕ್ರವು ಕಲ್ಲಿಗೆ ತಾಗಿದಾಗ ಸ್ಟೇರಿಂಗು ಥಟ್ಟನೆ ತಿರುಗಿ ಬೆರಳು ಮುರಿದೀತು.

ಹಳ್ಳದ ನೀರಿನ ವಿಷಯದಲ್ಲಂತೂ ಧೈರ್ಯಕ್ಕಿಂತ ಸಂಶಯವೇ ಮೇಲು. ಮೊಣಕಾಲು ಮುಳುಗುವಷ್ಟು ಹರಿಯುವ ನೀರೂ ವಾಹನವನ್ನು ಪಕ್ಕಕ್ಕೆ ತಳ್ಳಬಲ್ಲುದು. ಕೆಂಪು ನೀರಿನ ತಳದಲ್ಲಿ ಗುಂಡಿಯಿದೆಯೋ ಬಂಡೆಯಿದೆಯೋ ಕಾಣದು. ಅಂಥಲ್ಲಿ ಕಾಯುವುದು ಅಥವಾ ಮರಳುವುದೇ ಜಾಣತನ. ತಿಳಿನೀರನ್ನು ದಾಟಿದ ಮೇಲೂ ಬ್ರೇಕನ್ನು ಮೆಲ್ಲನೆ ಒತ್ತಿ ಪರೀಕ್ಷಿಸಬೇಕು. ಒದ್ದೆಯಾದ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರು ಬಾಡಿಗೆಯ ಜೀಪಿನಲ್ಲಿ ಕುಳಿತು ಹೋಗುವವರು. ನಮಗೂ ಹೊಣೆಯಿದೆ. ತಲಾ ಬಾಡಿಗೆ ಕಡಿಮೆಯಾದೀತೆಂದು ಮಿತಿಮೀರಿ ಜನರನ್ನು ತುಂಬಿಸಬಾರದು. ಹಿಂದೆ ನೇತಾಡಿಕೊಂಡು ನಿಲ್ಲಬಾರದು. ಚಾಲಕನು ಇಳಿಯಿರೆಂದಾಗ ಮುಖ ಸಿಂಡರಿಸದೆ ಇಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಂಜೆಯ ರೈಲು ತಪ್ಪೀತೆಂದು ಆತನನ್ನು ಅವಸರಪಡಿಸಬಾರದು. ದಿನವೂ ಅದೇ ದಾರಿಯನ್ನು ತುಳಿಯುವ ಆತ, "ಇಂದು ಮಳೆ ಜೋರು, ಬೇಡ ಸ್ವಾಮಿ" ಎಂದರೆ, ಅದನ್ನು ಹಿತವಚನವೆಂದೇ ತಿಳಿಯೋಣ.

ರೈಲು ತಪ್ಪಿದರೆ ಒಂದು ದಿನದ ಸಂಬಳ ಹೋದೀತು, ಧಣಿಗಳು ಗದರಿಸಿಯಾರು. ಅದನ್ನು ಹೇಗಾದರೂ ತುಂಬಿಕೊಳ್ಳಬಹುದು. ಗಿರಿಯಾದರೋ ಮುಂದಿನ ರಜೆಯಲ್ಲಿಯೂ ಅಲ್ಲಿಯೇ ಇರುತ್ತದೆ. ಅದನ್ನು ನೋಡಲು ನಾವೂ ಇರಬೇಕು.