ಕತ್ತಿನ ನೋವೂ ಕಾಲಿನ ಸ್ಥೈರ್ಯವೂ

ಈ ಸಂಚಿಕೆಗೆ ಏನನ್ನು ಬರೆಯಲೆಂದು ಆಲೋಚಿಸುತ್ತಿದ್ದಾಗ, ಕಳೆದ ವರ್ಷ ಸಖರಾಯಪಟ್ಟಣದಿಂದ ಮಗಳನ್ನು ನೋಡಲು ಬಂದಿದ್ದ ಒಬ್ಬ ತಾಯಿಯ ಪ್ರಶ್ನೆಯು ನೆನಪಿಗೆ ಬಂದಿತು. ಆಕೆಯೂ ಇಲ್ಲಿಯೇ ಓದಿದವಳು. ಹುಡುಗಿಯಾಗಿದ್ದಾಗ ಅಯ್ಯನಕೆರೆಯ ಏರಿಯ ಮೇಲೆ ಓಡಾಡಿದವಳು, ಈಗ ಅದರ ಮೇಲೆ ಕಾಲಿಡಲು ಅಂಜುತ್ತಿದ್ದಳು. “ಅಮ್ಮಾ, ಕತ್ತು ನೋಯುವುದನ್ನು ಹೇಗೋ ಸಹಿಸಿಯೇನು. ಆದರೆ ಪಕ್ಕಕ್ಕೆ ತಿರುಗಿದೊಡನೆ ನೆಲವೇ ಸರಿದಂತಾಗುವುದೇಕೆ? ನನ್ನ ಮಿದುಳಿಗೇ ರೋಗ ತಗುಲಿತೋ?” ಎಂದು ಕೇಳಿದಳು. ವೈದ್ಯರು ಕಿವಿಯನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿ, ರಕ್ತಹೀನತೆಯೂ ಇಲ್ಲವೆಂದು ನೋಡಿ, ಕಾರಣವು ಕತ್ತಿನಲ್ಲಿಯೇ ಇದೆಯೆಂದು ತಿಳಿಸಿದ್ದರು. ಆದರೂ ಕತ್ತಿಗೂ ಕಾಲಿಗೂ ಇರುವ ಸಂಬಂಧವು ತಿಳಿಯದ್ದರಿಂದ ಭಯವು ಅವಳನ್ನು ಬಿಟ್ಟಿರಲಿಲ್ಲ. ಅವಳಂತೆ ಅಂಜುವವರು ನಮ್ಮಲ್ಲಿ ಇನ್ನೂ ಇರುವರಾದಕಾರಣ ಈ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಕತ್ತೆಂದರೆ ತಲೆಯನ್ನು ಹೊರುವ ಕಂಬವೆಂದು ನಾವು ಭಾವಿಸುವುದುಂಟು. ಏಳು ಎಲುಬುಗಳ ಈ ಕಂಬವು ಸುಮಾರು 4ರಿಂದ 5 ಕಿಲೋಗ್ರಾಂ ತೂಕದ ತಲೆಯನ್ನು ಹೊರುವುದು ನಿಜವೇ. ಆದರೆ ಕತ್ತು ಅರಿವಿನ ಅಂಗವೂ ಹೌದು. ತಲೆಬುರುಡೆಯ ಬುಡದಲ್ಲಿರುವ ಚಿಕ್ಕ ಚಿಕ್ಕ ಸ್ನಾಯುಗಳಲ್ಲಿ, ಸ್ನಾಯುವು ಎಷ್ಟು ಹಿಗ್ಗಿದೆ, ಎಷ್ಟು ಕುಗ್ಗಿದೆ ಎಂಬುದನ್ನು ಅಳೆಯುವ ಸೂಕ್ಷ್ಮಾಂಗಗಳು ಬಹಳ ದಟ್ಟವಾಗಿವೆ. ಅವು ಕ್ಷಣಕ್ಷಣಕ್ಕೂ ಮಿದುಳಿಗೆ ಸುದ್ದಿಯನ್ನು ಕಳುಹಿಸುತ್ತಿರುತ್ತವೆ.

ನಾವು ಬೀಳದೆ ನಿಲ್ಲುವುದು ಮೂರು ಸಾಕ್ಷಿಗಳ ಹೇಳಿಕೆಯಿಂದ. ಕಣ್ಣು ಒಂದು, ಒಳಗಿವಿ ಎರಡನೆಯದು, ಸ್ನಾಯು ಕೀಲುಗಳು ಮೂರನೆಯದು. ತಲೆಯು ಅಲುಗಿತೆಂದು ಒಳಗಿವಿಯು ಹೇಳಬಲ್ಲುದು; ಆದರೆ ತಲೆ ಮಾತ್ರ ತಿರುಗಿತೋ ಇಡೀ ಶರೀರವೇ ವಾಲಿತೋ ಎಂಬುದನ್ನು ಅದೊಂದೇ ಹೇಳಲಾರದು. ಆ ಭೇದವನ್ನು ತಿಳಿಸುವುದರಲ್ಲಿ ಕತ್ತಿನ ಸಾಕ್ಷಿಯು ಮುಖ್ಯವಾದುದು. ನೋವಿನಿಂದಲೂ ಬಿಗಿತದಿಂದಲೂ ಆ ಸಾಕ್ಷಿಯು ತಡವರಿಸಿದರೆ ಉಳಿದೆರಡರ ಹೇಳಿಕೆಯೊಂದಿಗೆ ಅದು ಹೊಂದುವುದಿಲ್ಲ. ಆಗಲೇ ನೆಲವು ಸರಿದಂತೆ ತೋರುವುದು.

ಇದು ಬರಿಯ ಊಹೆಯಲ್ಲ. ಕತ್ತಿನ ಸ್ನಾಯುಗಳಿಗೆ ಪೆಟ್ಟಾದ ಪ್ರಾಣಿಗಳು ತೂರಾಡುವುದನ್ನು ಫ್ರಾನ್ಸ್ ದೇಶದ ಲಾಂಜೆ ಎಂಬ ಪಂಡಿತನು 1845ರಷ್ಟು ಹಿಂದೆಯೇ ಬರೆದಿಟ್ಟನು. 1991ರಲ್ಲಿ ಅದೇ ದೇಶದ ರೆವೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ಸರಳವಾದ ಪರೀಕ್ಷೆಯನ್ನು ನಡೆಸಿದರು. ತಲೆಗೆ ಬೆಳಕಿನ ದೀಪವನ್ನು ಕಟ್ಟಿ, ನೋಟವನ್ನು ಮರೆಮಾಡಿ, ತಲೆಯನ್ನು ಪಕ್ಕಕ್ಕೆ ತಿರುಗಿಸಿ ಮತ್ತೆ ಮೊದಲಿನ ಸ್ಥಾನಕ್ಕೆ ತರಬೇಕೆಂದು ಹೇಳಿದರು. ಬಹುಕಾಲದಿಂದ ಕತ್ತು ನೋಯುತ್ತಿದ್ದವರ ಬೆಳಕು ಆರೋಗ್ಯವಂತರ ಬೆಳಕಿಗಿಂತ ಗುರಿಯಿಂದ ಹೆಚ್ಚು ದೂರದಲ್ಲಿ ಬಿದ್ದಿತು. ತಲೆಯು ಎಲ್ಲಿದೆಯೆಂಬ ಅರಿವೇ ಅವರಲ್ಲಿ ಮಸುಕಾಗಿತ್ತು. ಅಂಥವರನ್ನು ಅಳತೆಯ ಹಲಗೆಯ ಮೇಲೆ ನಿಲ್ಲಿಸಿ ನೋಡಿದಾಗ ಅವರ ಶರೀರವು ಹೆಚ್ಚಾಗಿ ತೂಗಾಡುವುದೂ ತರುವಾಯದ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ನೋವು ಚಲನೆಯ ರೀತಿಯನ್ನೂ ಬದಲಿಸುವುದು. ಕತ್ತಿನ ಮುಂಭಾಗದ ಆಳದ ಸ್ನಾಯುಗಳು ತಮ್ಮ ಕೆಲಸದಲ್ಲಿ ಹಿಂಜರಿಯಲು, ಮೇಲಿನ ದೊಡ್ಡ ಸ್ನಾಯುಗಳು ಆ ಭಾರವನ್ನೂ ಹೊತ್ತು ಬಿಗಿಯುತ್ತವೆ. ಮನುಷ್ಯನು ತಲೆಯನ್ನೂ ಭುಜವನ್ನೂ ಒಂದಾಗಿ ತಿರುಗಿಸತೊಡಗುತ್ತಾನೆ, ನಡಿಗೆಯು ಮಂದವಾಗುತ್ತದೆ. ಮಿದುಳೂ ಸುಮ್ಮನಿರುವುದಿಲ್ಲ. ನೋವು ಬಹುಕಾಲ ನಿಂತವರಲ್ಲಿ, ನೋವನ್ನೂ ಚಲನೆಯನ್ನೂ ಕುರಿತ ಮಿದುಳಿನ ಭಾಗಗಳ ಚಟುವಟಿಕೆಯು ಬೇರೆಯಾಗಿರುವುದನ್ನು ಚಿತ್ರಯಂತ್ರಗಳಿಂದ ಕಂಡಿದ್ದಾರೆ. ಇದು ಮಿದುಳಿನ ನಾಶವಲ್ಲ. ಮಿದುಳು ನೋವಿಗೆ ಹೊಂದಿಕೊಂಡ ಬಗೆ. ಅಭ್ಯಾಸದಿಂದ ಹೊಂದಿಕೊಂಡದ್ದು ಅಭ್ಯಾಸದಿಂದಲೇ ತಿದ್ದಲ್ಪಡಬಹುದು. 1994ರಲ್ಲಿ ಅದೇ ರೆವೆಲ್ ಮತ್ತು ಸಂಗಡಿಗರು, ಕಣ್ಣಿಗೂ ತಲೆಗೂ ಕೂಡಿದ ವ್ಯಾಯಾಮವನ್ನು ಕಲಿಸಿದವರಲ್ಲಿ ತಲೆಯ ಅರಿವೂ ಸುಧಾರಿಸಿತು, ನೋವೂ ತಗ್ಗಿತೆಂದು ತೋರಿಸಿಕೊಟ್ಟರು.

ಆದಕಾರಣ ನೋವಿಗೆ ಅಂಜಿ ಕತ್ತನ್ನು ತಿಂಗಳುಗಟ್ಟಲೆ ಪಟ್ಟಿಯೊಳಗೆ ಬಂಧಿಸಿಡುವುದು ತರವಲ್ಲ. ಸ್ನಾಯುಗಳು ಇನ್ನೂ ಸೊರಗುತ್ತವೆ. ಬಲ್ಲವರಿಂದ ಕಲಿತು ತಲೆಯನ್ನು ಮೆಲ್ಲಗೆ ತಿರುಗಿಸುವುದು, ಎದುರಿನ ಒಂದು ಗುರುತಿನಲ್ಲಿ ದೃಷ್ಟಿಯಿಟ್ಟು ತಲೆಯನ್ನು ಮಾತ್ರ ಹೊರಳಿಸುವುದು, ಗೋಡೆಯ ಬಳಿ ಒಂದು ಪಾದದ ಹಿಂದೆ ಇನ್ನೊಂದನ್ನಿಟ್ಟು ನಿಲ್ಲುವುದು, ದಿನವೂ ನಡೆಯುವುದು, ಇವು ಹಿತ. ಆದರೆ ತಲೆ ತಿರುಗುವುದೆಲ್ಲ ಕತ್ತಿನಿಂದಲೇ ಎಂದು ತಾವೇ ನಿಶ್ಚಯಿಸಬಾರದು. ಮೊದಲು ವೈದ್ಯರ ಪರೀಕ್ಷೆಯಾಗಲಿ. ಕೈಕಾಲುಗಳಲ್ಲಿ ಬಲಗುಂದುವಿಕೆ, ಕೈಗಳ ಜೋಮು, ದಿನೇದಿನೇ ಕೆಡುವ ನಡಿಗೆ, ಮೂತ್ರದ ಹತೋಟಿ ತಪ್ಪುವಿಕೆ, ಮಾತಿನ ತೊದಲು, ಒಂದು ವಸ್ತು ಎರಡಾಗಿ ಕಾಣುವುದು, ಅಥವಾ ಪೆಟ್ಟಿನ ಅನಂತರದ ನೋವು ಇದ್ದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನು ಮಕ್ಕಳ ವಿಷಯ. ತುಂಬಿದ ಕೊಡವನ್ನು ಎದೆಗೊತ್ತಿ ಹಿಡಿಯುವುದಕ್ಕೂ ತೋಳು ಚಾಚಿ ಹಿಡಿಯುವುದಕ್ಕೂ ಇರುವ ಭೇದವನ್ನು ನೀವು ಬಲ್ಲಿರಿ. ಪುಸ್ತಕದ ಮೇಲೂ ಮೊಬೈಲಿನ ಮೇಲೂ ಗಂಟೆಗಟ್ಟಲೆ ಬಾಗಿದ ತಲೆಯು ತೋಳು ಚಾಚಿ ಹಿಡಿದ ಕೊಡದಂತೆ. ಅರ್ಧಗಂಟೆಗೊಮ್ಮೆ ಅವರನ್ನು ಎಬ್ಬಿಸಿ ನಡೆದಾಡಿಸಿರಿ. ಪುಸ್ತಕದ ಚೀಲವು ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು ಕರ್ನಾಟಕ ಸರಕಾರವು 2019ರಲ್ಲಿ ಆಜ್ಞೆ ಮಾಡಿತು. ನಿಮ್ಮ ಮಗಳ ಚೀಲವನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಿರೆಂದು ಬೇಡುತ್ತೇನೆ.

ಆ ತಾಯಿಯ ಕಾಗದವು ಮೊನ್ನೆ ಬಂದಿತು. ಕಲಿತ ವ್ಯಾಯಾಮವನ್ನು ಬಿಡದೆ ಮಾಡುತ್ತಿರುವಳಂತೆ. ನೋವು ಪೂರ್ಣವಾಗಿ ಹೋಗಿಲ್ಲ. ಆದರೆ ಮಗಳ ಕೈಹಿಡಿದು ಅಯ್ಯನಕೆರೆಯ ಏರಿಯ ಮೇಲೆ ಅರ್ಧ ದೂರ ನಡೆದು, ನಿಂತು, ಶಕುನಗಿರಿಯ ಕಡೆಗೆ ತಲೆ ತಿರುಗಿಸಿ ನೋಡಿದಳಂತೆ. ಉಳಿದರ್ಧವನ್ನು ಮುಂದಿನ ರಜೆಯಲ್ಲಿ ನಡೆಯುವೆನೆಂದು ಬರೆದಿದ್ದಾಳೆ.