ಗೀರಿದಲ್ಲೆಲ್ಲ ಬೆಳಕು

ಮಕ್ಕಳ ಹುಟ್ಟುಹಬ್ಬದ ಉಡುಗೊರೆಗಳಲ್ಲಿ ಈಚೆಗೆ ಕಪ್ಪು ಹಾಳೆಗಳ ಪುಟ್ಟ ಪುಸ್ತಕವೊಂದು ಇದ್ದೇ ಇರುತ್ತದೆ. ಜೊತೆಗೊಂದು ಮರದ ಕಡ್ಡಿ. ಅದರಿಂದ ಗೀರಿದರೆ ಕಪ್ಪು ಕಳಚಿ ಅಡಿಯ ಬಣ್ಣ ಹೊರಬರುತ್ತದೆ. ಈ ಆಟಿಕೆಗೆ ದೊಡ್ಡವರ ಲೋಕದಲ್ಲೊಬ್ಬ ಗಂಭೀರ ನೆಂಟನಿದ್ದಾನೆ. ಹೆಸರು ಸ್ಕ್ರಾಚ್‌ಬೋರ್ಡ್, ಬ್ರಿಟನ್ನಿನವರ ಬಾಯಲ್ಲಿ ಸ್ಕ್ರೇಪರ್‌ಬೋರ್ಡ್. ಹುಲಿಯ ಮೀಸೆ, ಗೂಬೆಯ ಗರಿ, ಮುದುಕನ ಗಡ್ಡ ಎಳೆ ಎಳೆಯಾಗಿ ಮೂಡುವ ಕಪ್ಪು ಬಿಳುಪು ಚಿತ್ರಗಳು ಈ ಹಲಗೆಯವು. ಆದರೆ ಇದು ಹುಟ್ಟಿದ್ದು ಗೋಡೆಗೆ ತೂಗುಹಾಕುವ ಚಿತ್ರಗಳಿಗಾಗಿ ಅಲ್ಲ, ಅಚ್ಚುಕೂಟದ ತಾಪತ್ರಯವೊಂದನ್ನು ನೀಗಿಸಲೆಂದು.

ಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದಲ್ಲಿ ಅಕ್ಷರದ ಪಕ್ಕದಲ್ಲೇ ಚಿತ್ರವೂ ಅಚ್ಚಾಗಬೇಕೆಂದರೆ ಅದೂ ಮೊಳೆಯ ಹಾಗೆ ಉಬ್ಬಿರಬೇಕಿತ್ತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿದ್ದ ಥಾಮಸ್ ಬ್ಯೂಯಿಕ್ (1753–1828) ಗಟ್ಟಿಯಾದ ಬಾಕ್ಸ್‌ವುಡ್ ಕಾಂಡವನ್ನು ಅಡ್ಡಲಾಗಿ ಕೊಯ್ದು, ಆ ನುಣುಪು ಮುಖದ ಮೇಲೆ ಸಣ್ಣ ಉಳಿಯಿಂದ ಕೆತ್ತುತ್ತಿದ್ದ. ಉಳಿ ತಾಗಿದ ಕಡೆ ಬಿಳಿ, ತಾಗದ ಕಡೆ ಕಪ್ಪು. 1797 ಮತ್ತು 1804ರಲ್ಲಿ ಎರಡು ಸಂಪುಟಗಳಾಗಿ ಬಂದ ಬ್ರಿಟಿಷ್ ಹಕ್ಕಿಗಳ ಅವನ ಪುಸ್ತಕ ಈ ಬಿಳಿಗೆರೆಯ ಕೆತ್ತನೆಗೆ ಹೆಸರುವಾಸಿ. 1842ರಲ್ಲಿ ಶುರುವಾದ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವಾರಪತ್ರಿಕೆಯ ಚಿತ್ರಗಳೂ ಮರದ ಅಚ್ಚಿನವೇ. ಬಾಕ್ಸ್‌ವುಡ್ ಮರದ ಕಾಂಡ ತೆಳು. ಹಾಗಾಗಿ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೋಲ್ಟು ಹಾಕಿ ಸೇರಿಸುತ್ತಿದ್ದರು. ಅವಸರವಿದ್ದರೆ ತುಂಡುಗಳನ್ನು ಬಿಚ್ಚಿ, ಕೆತ್ತುವವರಿಗೆ ಒಬ್ಬೊಬ್ಬರಿಗೆ ಒಂದೊಂದರಂತೆ ಹಂಚಿ, ಕೆಲಸ ಮುಗಿದ ಮೇಲೆ ಮತ್ತೆ ಜೋಡಿಸುತ್ತಿದ್ದರು.

ಫೋಟೋಗ್ರಫಿ ಬಂದು ಈ ಶ್ರಮವನ್ನು ಇಳಿಸಿತು. ಚಿತ್ರದ ಫೋಟೋ ತೆಗೆದು ಸತುವಿನ ತಗಡಿಗೆ ಇಳಿಸಿ, ಬೇಡದ ಭಾಗವನ್ನು ಆಮ್ಲದಿಂದ ತಿನ್ನಿಸಿದರೆ ಅಚ್ಚು ತಯಾರು. ಕನ್ನಡದ ಅಚ್ಚುಕೂಟಗಳಲ್ಲಿ ಹಿಂದೆ ‘ಲೈನ್ ಬ್ಲಾಕ್’ ಎನ್ನುತ್ತಿದ್ದುದು ಇದನ್ನೇ. ಆದರೆ ಅದಕ್ಕೊಂದು ಹಟವಿತ್ತು: ಕಪ್ಪು ಇಲ್ಲವೇ ಬಿಳಿ, ನಡುವಿನ ಬೂದು ಅದಕ್ಕೆ ಗೊತ್ತಿಲ್ಲ. ಚುಕ್ಕಿಗಳಿಂದ ಬೂದು ತೋರಿಸುವ ಹಾಫ್‌ಟೋನ್ ಬ್ಲಾಕ್ ಬಂತಾದರೂ ಒರಟು ನ್ಯೂಸ್‌ಪ್ರಿಂಟ್ ಮೇಲೆ ಆ ಚುಕ್ಕಿಗಳು ಕಲಸಿಹೋಗುತ್ತಿದ್ದವು. ಮರದ ಕೆತ್ತನೆಯಷ್ಟು ಚೂಪಾದ ಗೆರೆ ಬೇಕು, ಮರ ಕೆತ್ತುವಷ್ಟು ಹೊತ್ತು ಹಿಡಿಯಬಾರದು.

ಈ ಕೊರತೆಯನ್ನು ತುಂಬಿದ್ದು ಜೇಡಿಮಣ್ಣು. ರಟ್ಟಿನ ಮೇಲೆ ಕೆಯೋಲಿನ್ ಎಂಬ ನುಣುಪಾದ ಬಿಳಿ ಮಣ್ಣಿನ ಲೇಪ, ಅದರ ಮೇಲೆ ಕಪ್ಪು ಇಂಕಿನ ತೆಳು ಪದರ. ಚೂಪು ಮೊನೆಯಿಂದ ಗೀರಿದರೆ ಅಂಚು ಒಡೆಯದ ಬಿಳಿ ಗೆರೆ. 19ನೇ ಶತಮಾನದ ಯುರೋಪಿನಲ್ಲಿ ಇಂಥ ಹಲಗೆಗಳು ತಯಾರಾದವು. ವಿಯೆನ್ನಾದ ಆಂಗೆರರ್ ಮತ್ತು ಗೋಶ್ಲ್ ಸಂಸ್ಥೆಯ ಹಲಗೆಗಳಿಗೆ ಚಿತ್ರಕಾರರ ನಡುವೆ ಹೆಸರಿತ್ತು. ಮುಂದೆ ವಾಚು, ಶೂ, ಯಂತ್ರಗಳ ಜಾಹೀರಾತು ಚಿತ್ರಗಳಿಗೆ ಪತ್ರಿಕೆಗಳು ಸ್ಕ್ರೇಪರ್‌ಬೋರ್ಡನ್ನೇ ನೆಚ್ಚಿಕೊಂಡವು.

ಚಾರ್ಲ್ಸ್ ಟನಿಕ್ಲಿಫ್ ಕಸುಬು ಬದಲಿಸಿಕೊಂಡ ಬಗೆ ನೋಡಿದರೆ ಇದರ ಅನುಕೂಲ ತಿಳಿಯುತ್ತದೆ. ಚೆಷರ್‌ನ ರೈತ ಕುಟುಂಬದಲ್ಲಿ 1901ರಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಕಲಿತು, ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚು ತೆಗೆಯುವ ಎಚಿಂಗ್‌ನಲ್ಲಿ ಪಳಗಿದವರು. 1929ರ ಆರ್ಥಿಕ ಕುಸಿತದ ನಂತರ ಎಚಿಂಗ್ ಕೊಳ್ಳುವವರಿಲ್ಲದೆ ಪುಸ್ತಕ ಚಿತ್ರಣದತ್ತ ಹೊರಳಿದರು. ‘ಟಾರ್ಕ ದಿ ಆಟರ್’ ಕಾದಂಬರಿಯ 1932ರ ಆವೃತ್ತಿಗೆ ಮರದಲ್ಲಿ ಕೆತ್ತಿದ ನೀರುನಾಯಿ ಅವರಿಗೆ ಹೆಸರು ತಂದಿತು. ಆಮೇಲಿನ ಹಲವಾರು ಪುಸ್ತಕಗಳಿಗೆ ಹಕ್ಕಿ, ಪ್ರಾಣಿಗಳನ್ನು ಬರೆದದ್ದು ಸ್ಕ್ರೇಪರ್‌ಬೋರ್ಡಿನಲ್ಲಿ. ಮರಕ್ಕಿಂತ ಅದು ಬೇಗ ಮುಗಿಯುತ್ತಿತ್ತು. ಅಮೆರಿಕದಲ್ಲಿ ವರ್ಜಿಲ್ ಫಿನ್ಲೆ 1935ರಿಂದ ‘ವಿಯರ್ಡ್ ಟೇಲ್ಸ್’ನಂಥ ಅಗ್ಗದ ಕಾಗದದ ಕಥಾಪತ್ರಿಕೆಗಳಿಗೆ ಚಿತ್ರ ಬರೆದರು. ಕೂದಲೆಳೆಯ ಗೀರು, ಚುಕ್ಕಿಗಳಿಂದಲೇ ಹೊಗೆ, ಮಂಜು, ಮೈಬಣ್ಣಗಳನ್ನು ತೋರಿಸಿದರು.

ಆಫ್‌ಸೆಟ್ ಮುದ್ರಣ ಬಂದು ಫೋಟೋಗಳು ಸಲೀಸಾಗಿ ಅಚ್ಚಾಗತೊಡಗಿದಾಗ ಜಾಹೀರಾತಿನವರು ಹಲಗೆಯನ್ನು ಕೈಬಿಟ್ಟರು. ಕಲಾವಿದರು ಬಿಡಲಿಲ್ಲ. ಕೆನಡಾದ ಮಾರ್ಕ್ ಸಮರ್ಸ್ ಲೇಖಕರ ಮುಖಗಳನ್ನು ಗೀರಿದರೆ, ಸ್ಕಾಟ್ ಮೆಕೋವನ್ 2003ರ ‘ಮಾರ್ವೆಲ್ 1602’ ಕಾಮಿಕ್ಸ್‌ನ ಮುಖಪುಟಗಳನ್ನು ಇದೇ ಹಲಗೆಯಲ್ಲಿ ಮಾಡಿದರು. ಬಾಗುವ ರಟ್ಟಿನ ಜಾಗಕ್ಕೆ ಗಟ್ಟಿ ಹಾರ್ಡ್‌ಬೋರ್ಡ್ ಬಂತು. 2011ರಲ್ಲಿ ಸ್ಕ್ರಾಚ್‌ಬೋರ್ಡ್ ಕಲಾವಿದರ ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು.

ಮೇಲಿನ ಪದರ ಕೆರೆದು ಬಿಳಿ ತೆಗೆಯುವ ಉಪಾಯ ನಮ್ಮ ಕರಾವಳಿಗೆ ಹೊಸದೇನಲ್ಲ. ಉತ್ತರ ಕನ್ನಡದಿಂದ ಗೋವಾದವರೆಗಿನ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾವಿ ಕಲೆ ಇದೆ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಕಬ್ಬಿಣದ ಮೊನೆಯಿಂದ ಕೆರೆದು ಅಡಿಯ ಬಿಳಿಯಲ್ಲಿ ಬಳ್ಳಿ, ದೇವರನ್ನು ತೋರಿಸುತ್ತಿದ್ದರು. ಹೊನ್ನಾವರದ ಕೃಷ್ಣಾನಂದ ಕಾಮತರು ಇದನ್ನು ಆಸ್ಥೆಯಿಂದ ದಾಖಲಿಸಿದ್ದಾರೆ. ಕಾವಿಯವರು ಗಾರೆ ಹಸಿಯಿರುವಾಗಲೇ ಮುಗಿಸಬೇಕು. ಸ್ಕ್ರಾಚ್‌ಬೋರ್ಡಿಗೆ ಆ ಅವಸರವಿಲ್ಲ. ಇಂದು ಒಂದು ಕಣ್ಣು, ನಾಳೆ ಇನ್ನೊಂದು ಮಾಡಿದರೂ ನಡೆಯುತ್ತದೆ.

ಕಲಿಯಲು ಹೊರಟವರಿಗೆ ಹೆಚ್ಚಿನ ಸಾಮಾನು ಬೇಡ. ಅಂಗೈಗಿಂತ ತುಸು ದೊಡ್ಡದಾದ ಕಪ್ಪು ಹಲಗೆ, ಹಿಡಿ ಇರುವ ಸೂಜಿ, ಚೂಪುಮೊನೆಯ ಕ್ರಾಫ್ಟ್ ಚಾಕು, ಮೃದುವಾದ ಬ್ರಷ್ ಸಾಕು. ಹಲಗೆ ಸಿಗದಿದ್ದರೆ ದಪ್ಪ ಹಾಳೆಯ ಮೇಲೆ ಆಯಿಲ್ ಪೇಸ್ಟಲನ್ನು ಒತ್ತಾಗಿ ತುಂಬಿ, ಪಾತ್ರೆ ತೊಳೆಯುವ ಲಿಕ್ವಿಡ್‌ನ ಒಂದು ಹನಿ ಬೆರೆಸಿದ ಕಪ್ಪು ಪೋಸ್ಟರ್ ಬಣ್ಣ ಬಳಿದು ಒಣಗಿಸಬಹುದು. ಗೆರೆ ಅಷ್ಟು ಸೂಕ್ಷ್ಮ ಬರುವುದಿಲ್ಲ, ಕೈ ಪಳಗಲು ಅಡ್ಡಿಯಿಲ್ಲ.

ಮೊದಲು ಹಲಗೆಯ ಮೂಲೆಯಲ್ಲಿ ಗೀರುಗಳ ಅಭ್ಯಾಸ. ಸಮಾಂತರ ಗೆರೆ, ಅಡ್ಡಹಾಯುವ ಗೆರೆ, ಚುಕ್ಕಿ. ಲೈನ್ ಬ್ಲಾಕಿನ ಹಟ ಇಲ್ಲೂ ಇದೆ: ಬೂದು ಬೇಕೆಂದರೆ ಗೆರೆಗಳ ಅಂತರದಿಂದಲೇ ಬರಬೇಕು. ಒತ್ತಾಗಿದ್ದರೆ ಬೆಳಕು, ವಿರಳವಾಗಿದ್ದರೆ ನೆರಳು. ಪೆನ್ಸಿಲ್ ಹಿಡಿದು ನೆರಳು ತುಂಬಿ ಅಭ್ಯಾಸವಾದ ಕೈ ಇಲ್ಲಿ ತಡವರಿಸುತ್ತದೆ, ಏಕೆಂದರೆ ನೆರಳು ಆಗಲೇ ಹಲಗೆಯಲ್ಲಿದೆ. ಮೊದಲ ಚಿತ್ರಕ್ಕೆ ಒಂದೇ ಕಡೆಯಿಂದ ಬೆಳಕು ಬಿದ್ದ ಮೊಟ್ಟೆ ಒಳ್ಳೆಯದು, ಆಮೇಲೆ ಕೋಳಿಗರಿ. ಸ್ಕೆಚ್ಚಿನ ಹಿಂಬದಿಗೆ ಬಿಳಿ ಚಾಕ್ ಉಜ್ಜಿ, ಹಲಗೆಯ ಮೇಲಿಟ್ಟು ತಿದ್ದಿದರೆ ಆಕಾರ ಇಳಿಯುತ್ತದೆ. ತೀರಾ ಬೆಳ್ಳಗಿರಬೇಕಾದ ಜಾಗವನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಒತ್ತಿ ಗೀರುವುದು ಹೊಸಬರ ಸಾಮಾನ್ಯ ತಪ್ಪು. ಇಂಕು ಕಳಚುವಷ್ಟು ಒತ್ತಿದರೆ ಸಾಕು, ಮಣ್ಣನ್ನು ಅಗೆಯಬಾರದು. ಗೆರೆ ತಪ್ಪಿದರೆ ಸಣ್ಣ ಬ್ರಷ್‌ನಿಂದ ಕಪ್ಪು ಇಂಕು ಹಚ್ಚಿ ಮತ್ತೆ ಗೀರಬಹುದು; ಹಾಗೆ ಮಾಡಿದಷ್ಟೂ ಮಣ್ಣು ಸವೆಯುವುದರಿಂದ ಒಂದೇ ಜಾಗದಲ್ಲಿ ಬಹಳ ಸಲ ನಡೆಯದು. ಬೆವರಿನ ಕಲೆ ಅಂಟದಂತೆ ಅಂಗೈ ಕೆಳಗೆ ಕಾಗದವಿರಲಿ. ಪುಡಿಯನ್ನು ಊದಬಾರದು, ಉಗುಳು ಸಿಡಿದರೆ ಕಲೆಯಾಗುತ್ತದೆ, ಮಣ್ಣು ಮೂಗಿಗೂ ಹೋಗುತ್ತದೆ. ಬ್ರಷ್‌ನಿಂದ ಮೆಲ್ಲಗೆ ಸರಿಸಿದರಾಯಿತು.

ಬಣ್ಣದ ಸರದಿ ಎಲ್ಲಕ್ಕೂ ಕೊನೆಗೆ. ಗೀರಿ ತೆರೆದ ಬಿಳಿಯ ಮೇಲೆ ನೀರಾದ ಇಂಕು ಹಚ್ಚಿದರೆ ಮಣ್ಣು ಹೀರಿಕೊಳ್ಳುತ್ತದೆ. ಒಣಗಿದ ಮೇಲೆ ಅದರ ಮೇಲೂ ಗೀರಿ ಇನ್ನಷ್ಟು ಹೊಳಪು ತೆಗೆಯಬಹುದು. ಎಷ್ಟು ಬಣ್ಣ ಸಾಕು ಎಂಬುದಕ್ಕೆ ಬೆತ್ ಕ್ರೋಮ್ಸ್ ಚಿತ್ರಿಸಿದ ಮಕ್ಕಳ ಪುಸ್ತಕ ‘ದಿ ಹೌಸ್ ಇನ್ ದಿ ನೈಟ್’ ನೋಡಬೇಕು. ಪುಟಗಳೆಲ್ಲ ಕಪ್ಪು ಬಿಳುಪು. ದೀಪ, ಚಂದ್ರ, ನಕ್ಷತ್ರಗಳಂಥ ಕಡೆ ಮಾತ್ರ ಹಳದಿ. ಅಮೆರಿಕದ ಮಕ್ಕಳ ಚಿತ್ರಪುಸ್ತಕಗಳಿಗೆ ಸಲ್ಲುವ ಕಾಲ್ಡಿಕಾಟ್ ಪದಕ 2009ರಲ್ಲಿ ಸಂದದ್ದು ಅದಕ್ಕೇ.